ಹೈನು ಬಿಟ್ಟವನೂ ಚೆಲುವಿಯ ಕರುವೂ

ನಮ್ಮ ಕಡೆ ಮನುಷ್ಯ ಏನು ಬಿಟ್ಟರೂ ಜನ ಒಳ್ಳೆಯದಾಯಿತು ಎನ್ನುತ್ತಾರೆ. ತಂಬಾಕು ಬಿಟ್ಟರೆ ಬೆನ್ನು ತಟ್ಟುತ್ತಾರೆ. ಇಸ್ಪೀಟು ಬಿಟ್ಟರೆ ಹೆಂಡತಿಯ ತವರಿನವರು ತಾವಾಗಿಯೇ ಫೋನು ಮಾಡಿ ಕ್ಷೇಮ ಕೇಳುತ್ತಾರೆ. ಪಂಚಾಯ್ತಿ ಇಲೆಕ್ಷನ್ನಿಗೆ ನಿಲ್ಲುವ ಆಸೆ ಬಿಟ್ಟರಂತೂ ಅವತ್ತು ಮನೆಯಲ್ಲಿ ಹೋಳಿಗೆಯೇ ಆಗುತ್ತದೆ. ಆದರೆ ಮೊಸರು ಬಿಟ್ಟಿದ್ದೇನೆ ಎಂದು ಒಂದು ಸಲ ಹೇಳಿ ನೋಡಿ. ಎದುರಿಗಿದ್ದವನು ಕುಳಿತಲ್ಲೇ ಹತ್ತಿರ ಸರಿದು, ದನಿ ತಗ್ಗಿಸಿ, ಯಾವ ಡಾಕ್ಟರು ಹೇಳಿದರು, ಮುಂದೇನು ಮಾಡಬೇಕಂತ ಎಂದು ಕೇಳುತ್ತಾನೆ. ನಾನು ಶಲವಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಒಟ್ಟಿನಲ್ಲಿ ಹೈನು ಅನ್ನುವುದನ್ನೆಲ್ಲ ಬಿಟ್ಟವನು. ಯಾವ ಡಾಕ್ಟರೂ ಹೇಳಿಲ್ಲ, ಯಾವ ದೇವರಿಗೂ ಹರಕೆ ಹೊತ್ತಿಲ್ಲ. ಪಟ್ಟಣದಲ್ಲಿ ಇಂಥವರನ್ನು ವೀಗನ್ ಎನ್ನುತ್ತಾರಂತೆ. ನಮ್ಮೂರಲ್ಲಿ ಮಾಸ್ತರಗ ಏನೋ ಆಗೈತಿ ಎನ್ನುತ್ತಾರೆ. ಅನ್ನಲಿ. ಅಂದದ್ದರಿಂದ ನನಗೇನೂ ಆಗಲಿಲ್ಲ. ಆದರೆ ನನ್ನ ಈ ಕರುಣೆಯ ದೆಸೆಯಿಂದ ಒಂದು ಪಾಪದ ಜೀವ ಹೋಗುವುದರಲ್ಲಿತ್ತು. ಅದನ್ನು ನೆನೆದರೆ ಈಗಲೂ ಎದೆ ಡವಡವ ಅನ್ನುತ್ತದೆ. ಅದಕ್ಕೇ ಯಾರಿಗಾದರೂ ಹೇಳಿ ಹಗುರಾಗೋಣ ಅಂತ ಕುಳಿತಿದ್ದೇನೆ.

ನಮ್ಮ ಅಡುಗೆಮನೆಗೂ ಗಂಗವ್ವ ಚಿಗವ್ವನ ಕೊಟ್ಟಿಗೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಗಂಗವ್ವ ನನಗೆ ರಕ್ತಸಂಬಂಧದ ಚಿಗವ್ವನಲ್ಲ, ನನ್ನ ಅವ್ವನ ಗೆಳತಿ. ಅವ್ವ ಹೋದಮೇಲೆ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವ ಹಕ್ಕು ಈ ಊರಲ್ಲಿ ಅವಳೊಬ್ಬಳಿಗೇ ಉಳಿದಿದೆ, ಅದನ್ನು ಅವಳು ಧಾರಾಳವಾಗಿ ಚಲಾಯಿಸುತ್ತಾಳೆ. ಒಂಟಿ ಹೆಂಗಸು. ಅವಳ ಸಂಸಾರವೆಂದರೆ ಚೆಲುವಿ ಎಂಬ ಒಂದೇ ಒಂದು ಎಮ್ಮೆ. ಚೆಲುವಿಯ ಹಾಲು ನಾಲ್ಕು ಮನೆಗೆ ಹೋಗಬೇಕು, ಆಗಲೇ ಗಂಗವ್ವನ ಒಲೆ ಉರಿಯಬೇಕು. ಗೋಡೆ ತೆಳ್ಳಗಿದ್ದದ್ದರಿಂದ ನಾವು ಉಣ್ಣಲು ಕುಳಿತಾಗ ಚೆಲುವಿ ಮೆಲುಕು ಹಾಕುವುದು ನಮಗೆ ಕೇಳಿಸುತ್ತದೆ. ನಮ್ಮ ಮನೆಯ ಜಗಳ ಚೆಲುವಿಗೂ ಕೇಳಿಸುತ್ತಿರಬೇಕು, ಏಕೆಂದರೆ ನಾನು ದನಿ ಏರಿಸಿದರೆ ಅವಳು ಮೆಲುಕು ನಿಲ್ಲಿಸುತ್ತಾಳೆ. ನನ್ನ ಹೆಂಡತಿ ಸರೋಜಾ ದನಿ ಏರಿಸಿದರೆ ನಿಲ್ಲಿಸುವುದಿಲ್ಲ. ಹೆಂಗಸರು ಹೆಂಗಸರು ಹೇಗೋ ಹೊಂದಿಕೊಂಡುಬಿಡುತ್ತಾರೆ.

ಹೋದ ಸಲ ಚೆಲುವಿ ಈದಾಗ ಕರು ಉಳಿಯಲಿಲ್ಲ. ಕರು ಮುಂದಿಲ್ಲದೆ ಅವಳು ಹಾಲು ಇಳಿಸಲೊಲ್ಲಳು. ಬೆಳಿಗ್ಗೆ ನಾನು ಪಾತ್ರೆ ಹಿಡಿದು ಹಾಲು ತರಲು ಹೋದರೆ, ಕೊಟ್ಟಿಗೆಯಲ್ಲಿ ಕರು ನಿಂತಿತ್ತು. ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಹತ್ತಿರ ಹೋಗಿ ನೋಡಿದರೆ ಅದು ಸತ್ತ ಕರುವಿನ ತೊಗಲು. ಒಳಗೆ ಹುಲ್ಲು ತುಂಬಿ, ಹೊಲಿದು, ನಾಲ್ಕು ಕೋಲು ಕಟ್ಟಿ ನಿಲ್ಲಿಸಿದ್ದರು. ಹಿಂದಿನಿಂದ ನಡೆದುಬಂದ ಪದ್ಧತಿ ಅದು, ಗಂಗವ್ವ ಕಂಡುಹಿಡಿದದ್ದಲ್ಲ. ಚೆಲುವಿ ಅದರ ನೆತ್ತಿಯನ್ನು ನೆಕ್ಕುತ್ತಿದ್ದಳು. ನೆಕ್ಕಿದ ಹಾಗೆ ಹಾಲು ಇಳಿಯುತ್ತಿತ್ತು. ಗಂಗವ್ವ ಮುಖವನ್ನು ಆ ಕಡೆ ತಿರುಗಿಸಿಕೊಂಡು ಹಿಂಡುತ್ತಿದ್ದಳು, ನಡುನಡುವೆ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಹಾಲನ್ನೇ ನನ್ನ ಪಾತ್ರೆಗೆ ಸುರಿದಳು. ನಾನು ತಂದೆ, ಸರೋಜಾ ಚಹಾ ಮಾಡಿದಳು. ಲೋಟ ಬಾಯಿಯ ತನಕ ಹೋಯಿತು, ಒಳಗೆ ಹೋಗಲಿಲ್ಲ. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು ಚಹಾ ಲೋಟ ಹಿಡಿದು ಅಳುವುದನ್ನು ಹೆಂಡತಿಯಾದವಳು ಎಷ್ಟು ಹೊತ್ತು ನೋಡಬೇಕು? ಇನ್ನು ಮುಂದೆ ಹೈನು ಮುಟ್ಟುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ.

ಸರೋಜಾ ಬಾಜೂ ಊರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನಾ ಬಸ್ಸಿಗೆ ಓಡುವವಳು, ಹೆಚ್ಚು ಮಾತಾಡಲು ಹೊತ್ತಿರುವುದಿಲ್ಲ. ಅವಳು ನನ್ನನ್ನು ನೋಡಿ ನಗಲಿಲ್ಲ, ಬೈಯಲಿಲ್ಲ. ಒಂದೇ ಮಾತು ಹೇಳಿದಳು. "ಕರುಣಾ ನಿಮಗ ಬಂದೈತಿ, ಒಲಿನೂ ನೀವ ಹಚ್ಚರಿ. ರೊಟ್ಟಿ ನಾ ಬಡದ ಕೊಡ್ತೀನಿ, ಅದಕ್ಕ ಮೊದಲಿಂದಾನೂ ಹಾಲು ಬೇಕಾಗಿಲ್ಲ." ಹೀಗೆ ನಾನು ಅಡುಗೆಮನೆ ಹೊಕ್ಕೆ. ಹೊಕ್ಕ ಮೇಲೆ ಗೊತ್ತಾಯಿತು, ಕರುಣೆ ಎನ್ನುವುದಕ್ಕೆ ಬಹಳ ಪಾತ್ರೆಗಳು ಬೇಕು, ಅವನ್ನು ತೊಳೆಯಲೂ ಬೇಕು. ಮೊದಲು ನನ್ನ ತಲೆಗೆ ಬಂದದ್ದು ಕುಸುಬಿ. ನಮ್ಮ ಹಿರಿಯರು ಕುಸುಬಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲಿನಲ್ಲೇ ಗೋದಿ ಹುಗ್ಗಿ ಮಾಡುತ್ತಿದ್ದರು. ಇದೆಲ್ಲ ನಮ್ಮ ಹೊಲದಲ್ಲೇ ಇರುವಾಗ ಎಮ್ಮೆಯನ್ನೇಕೆ ಕಾಡಬೇಕು ಎಂದು ನಾನು ಬಹಳ ಹುರುಪಿನಿಂದ ಆ ಹಾಲನ್ನು ಚಹಾಕ್ಕೆ ಹಾಕಿದೆ. ಅದು ಒಡೆಯಿತು. ಮೇಲೆ ನೀರು, ಕೆಳಗೆ ಗಸಿ, ನಡುವೆ ಸಕ್ಕರೆ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತ್ತು. ಸರೋಜಾ ಲೋಟದೊಳಗೆ ಇಣುಕಿ, ಇದನ್ನು ಕುಡಿಯಬೇಕೋ ಸೋಸಬೇಕೋ ಎಂದು ಕೇಳಿ ಬಸ್ಸಿಗೆ ಹೋದಳು.

ಆಮೇಲೆ ಶೇಂಗಾ ಹಾಲು. ಅದರ ಮೊಸರು ಮಾಡಲು ಹಸಿಮೆಣಸಿನಕಾಯಿಯ ತೊಟ್ಟು ಹಾಕಬೇಕೆಂದು ಎಲ್ಲೋ ಓದಿದ್ದೆ. ಮೊದಲ ಸಲ ಹೆಪ್ಪುಗಟ್ಟಲಿಲ್ಲ. ಎರಡನೆಯ ಸಲ ಕಟ್ಟಿತು, ಆದರೆ ಪಾತ್ರೆಯಿಂದ ಬಿಡಿಸಲು ಕಟ್ಟಿಗೆ ಸೌಟು ಬೇಕಾಯಿತು. ಆಮೇಲೊಂದು ದಿನ ನಿಜವಾಗಿ ಹುಳಿಯಾದ, ತಣ್ಣಗಾದ, ಮೊಸರೇ ಅನ್ನುವಂಥ ಮೊಸರು ಬಂತು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಹಿಂಡಿ, ಅದರ ಮೇಲೆ ಕುಸುಬಿ ಎಣ್ಣೆ, ಬಾಜೂ ಈ ಮೊಸರು. ಸರೋಜಾ ಎರಡನೆಯ ಸಲ ಹಾಕಿಸಿಕೊಂಡಳು. ಹೇಗಿದೆ ಎಂದೆ. ಹಸಿವೆಯಾಗಿತ್ತು ಎಂದಳು. ಅವಳ ಬಾಯಿಂದ ಇಷ್ಟು ಬಂದರೆ ಪ್ರಶಸ್ತಿ ಬಂದ ಹಾಗೆ. ನಾನು ತಲೆಗೆ ಏರಿಸಿಕೊಂಡೆ. ನಮ್ಮ ಊಟದಲ್ಲಿ ಮುಕ್ಕಾಲು ಪಾಲಿಗೆ ಹೈನು ಬೇಕೇ ಇಲ್ಲ, ಎಲ್ಲ ಆದಮೇಲೆ ಮೇಲೊಂದು ಬೆಣ್ಣೆ ಉಂಡೆ ಇಡುವ ಚಟ ಅಷ್ಟೇ ಎಂದು ಸ್ಟಾಫ್ ರೂಮಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ, ಸಿಕ್ಕಸಿಕ್ಕವರಿಗೆ ಹೇಳತೊಡಗಿದೆ. ಕಟಿಂಗ್ ಮಾಡುವವನು ಕತ್ತಿ ಹಿಡಿದಿದ್ದಾಗ ಮಾತ್ರ ನಾನು ಸುಮ್ಮನಿರುತ್ತಿದ್ದೆ.

ಗಂಗವ್ವನಿಗೆ ನಾನು ಹೈನು ಬಿಟ್ಟದ್ದು ಒಂದು ತಮಾಷೆಯಾಗಿತ್ತು. ಸರೋಜಾ ತನ್ನ ಪಾಲಿನ ಹಾಲು ತರುವುದನ್ನು ಬಿಟ್ಟಿರಲಿಲ್ಲವಾದ್ದರಿಂದ ವ್ಯಾಪಾರಕ್ಕೇನೂ ಧಕ್ಕೆಯಾಗಿರಲಿಲ್ಲ. ನಿನ್ನ ಪಾಲು ಬೆಕ್ಕಿಗೆ ಹಾಕುತ್ತೇನೆ, ಅದು ನಿನಗಿಂತ ಗುಣ ಅರಿತದ್ದು ಎಂದು ನಗುತ್ತಿದ್ದಳು. ಈ ಸಲ ಚೆಲುವಿ ಮತ್ತೆ ಗಬ್ಬಾದಾಗ ನಾವು ಮೂವರೂ ಒಳಗೊಳಗೇ ಹೆದರಿದ್ದೆವು. ಈ ಕರುವಾದರೂ ಉಳಿಯಬೇಕು. ಆ ಹುಲ್ಲು ತುಂಬಿದ ತೊಗಲನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ, ನಿಲ್ಲಿಸುವ ಶಕ್ತಿ ಗಂಗವ್ವನಿಗೂ ಇರಲಿಲ್ಲ. ಒಂದು ಶನಿವಾರ ಸಂಜೆ ಚೆಲುವಿ ಈದಳು. ಹೆಣ್ಣು ಕರು. ಒದ್ದೆ ಮೈ, ನಡುಗುವ ಕಾಲು, ಮುಖದ ತುಂಬ ಕಣ್ಣು. ಬಿದ್ದು, ಎದ್ದು, ಮತ್ತೆ ಬಿದ್ದು, ಕಡೆಗೆ ತಾಯಿಯ ಹೊಟ್ಟೆಯ ಕೆಳಗೆ ತಾನೇ ದಾರಿ ಹುಡುಕಿಕೊಂಡಿತು. ಗಂಗವ್ವ ಕೆಚ್ಚಲಿಗೆ ಕೈ ಮುಗಿದಳು. ನಾನೂ ಮುಗಿದೆ. ವಿಜ್ಞಾನದ ಮಾಸ್ತರನಾದ ಮಾತ್ರಕ್ಕೆ ಕೈ ಮುಗಿಯಬಾರದೆಂದೇನೂ ಇಲ್ಲವಲ್ಲ.

ಎಮ್ಮೆ ಈದ ಮೇಲೆ ಗಿಣ್ಣದ ಹಾಲನ್ನು ಓಣಿಯ ಮನೆಗಳಿಗೆ ಹಂಚುವುದು ನಮ್ಮಲ್ಲಿ ವಾಡಿಕೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಟ್ಟಿಯಾಗಿ ಗಿಣ್ಣವಾಗುತ್ತದೆ. ಅದನ್ನು ಮಾರುವುದಿಲ್ಲ, ಬೇಡ ಎನ್ನುವುದಿಲ್ಲ. ತಂದ ಚರಗಿಯನ್ನು ಬರಿದಾಗಿ ತಿರುಗಿ ಕಳಿಸುವುದೂ ಇಲ್ಲ, ಒಂದು ಹಿಡಿ ಜೋಳವನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡುತ್ತಾರೆ. ಕರು ಬಾಳಲಿ ಎಂದು. ಭಾನುವಾರ ಬೆಳಿಗ್ಗೆ ಸರೋಜಾ ನವಲಗುಂದಕ್ಕೆ, ತನ್ನ ಅಕ್ಕನ ಮನೆಗೆ ಹೋಗಿದ್ದಳು. ಗಂಗವ್ವ ಮಡಿ ಸೀರೆ ಉಟ್ಟು, ತುಂಬಿದ ಚರಗಿ ಹಿಡಿದು, ಎಲ್ಲರಿಗಿಂತ ಮೊದಲು ನಮ್ಮ ಬಾಗಿಲಿಗೆ ಬಂದಳು. ಎದುರಿಗೆ ಓಣಿಯ ನಲ್ಲಿ. ಅಂದು ನೀರು ಬಿಟ್ಟಿದ್ದರು, ಕೊಡಗಳ ಸಾಲೇ ಇತ್ತು, ಕೊಡಗಳ ಹಿಂದೆ ಹೆಂಗಸರೂ ಇದ್ದರು. ನಾನು ಸುಮ್ಮನೆ ಚರಗಿ ಇಸಿದುಕೊಂಡು ಸರೋಜಾಳ ಪಾಲಿಗೆ ಎತ್ತಿಡಬಹುದಿತ್ತು. ಬುದ್ಧಿ ಇದ್ದವನು ಅದನ್ನೇ ಮಾಡುತ್ತಿದ್ದ.

ನಾನು ಪಾಠ ಮಾಡಿದೆ. ಈ ಮೊದಲ ಹಾಲಿನಲ್ಲೇ ಕರುವಿಗೆ ರೋಗ ತಡೆಯುವ ಶಕ್ತಿ ಇರುವುದು, ತಾಯಿ ಅದನ್ನು ಮಗುವಿಗೆಂದು ಕೊಟ್ಟದ್ದು, ಅದನ್ನು ಕಸಿದು ನಾವು ಬೆಲ್ಲ ಹಾಕಿ ತಿನ್ನುವುದು ಯಾವ ನ್ಯಾಯ ಎಂದು ಶುರುಮಾಡಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿರುವುದನ್ನೂ ಹೇಳಿದೆ. ಅದಕ್ಕೂ ಇದಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೊಂದು ಕೆಟ್ಟ ಅಭ್ಯಾಸವಿದೆ. ಮಾತು ಶುರುಮಾಡಿದರೆ ಗಂಟೆ ಹೊಡೆಯುವ ತನಕ ನಿಲ್ಲಿಸುವುದಿಲ್ಲ. ಅಂದು ಭಾನುವಾರ, ಹೊಡೆಯುವವರು ಯಾರೂ ಇರಲಿಲ್ಲ. ನಲ್ಲಿಯ ಹತ್ತಿರ ಮಾತು ನಿಂತು ಬರೀ ನೀರಿನ ಸಪ್ಪಳ ಕೇಳುತ್ತಿತ್ತು. ಕಡೆಗೆ ನಾನು, "ಚಿಗವ್ವಾ, ಇದು ಕರುವಿನ ಪಾಲು. ನಮಗ ಬ್ಯಾಡ. ಅದಕ್ಕ ಬಿಡು, ಹೊಟ್ಟಿ ತುಂಬ ಕುಡೀಲಿ" ಎಂದೆ.

ಅವಳ ಮುಖದಲ್ಲಿದ್ದ ಬೆಳಕು ಹೋಯಿತು. ನಾನು ಹುಟ್ಟಿದಾಗಿನಿಂದ ನನ್ನನ್ನು ತಮ್ಮಾ ಎಂದೋ, ಸಿಟ್ಟು ಬಂದರೆ ಲೇ ಎಂದೋ ಕರೆದವಳು ಅಂದು ನನಗೆ ಮರ್ಯಾದೆ ಕೊಟ್ಟಳು. "ಆತ್ರಿ ಮಾಸ್ತರ. ಅದರ ಪಾಲು ಅದಕ್ಕ ಬಿಡೂಣು" ಎಂದಳು. ತುಂಬಿದ ಚರಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅಷ್ಟೂ ಕೊಡಗಳ ಮುಂದೆ ಹಾದು ತಿರುಗಿ ಹೋದಳು. ಗಿಣ್ಣದ ಚರಗಿ ತುಂಬಿದ್ದು ತುಂಬಿದ ಹಾಗೆ ತಿರುಗಿ ಹೋದದ್ದನ್ನು ನಮ್ಮ ಓಣಿ ಅಂದೇ ಮೊದಲು ನೋಡಿತು. ಬೈದಿದ್ದರೆ ನಾನು ಬದುಕುತ್ತಿದ್ದೆ. ಆ 'ರಿ' ಮಾತ್ರ ನನ್ನ ಬೆನ್ನಿನಲ್ಲಿ ನೀರಿಳಿಸಿತು. ಆದರೂ ನಾನು ಸರಿಯಾದದ್ದನ್ನೇ ಹೇಳಿದ್ದೇನೆ, ಸತ್ಯ ಯಾವಾಗಲೂ ಕಹಿ ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದು ಶೇಂಗಾ ಹುರಿಯಲು ಕುಳಿತೆ. ಅವು ಹೊತ್ತಿದವು.

ಮಧ್ಯಾಹ್ನ ಸರೋಜಾ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ನಲ್ಲಿಯಿಂದ ಎಲ್ಲ ಸುದ್ದಿಯೂ ಅವಳಿಗೆ ಮುಟ್ಟಿತ್ತು. ಚೀಲ ಕೆಳಗಿಟ್ಟವಳು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಕರು ಎಷ್ಟು ಬೇಕೋ ಅಷ್ಟು ಕುಡಿದಾದ ಮೇಲೆ ಕೆಚ್ಚಲಿನಲ್ಲಿ ಉಳಿದದ್ದನ್ನೇ ಹಂಚುವುದು, ಅಷ್ಟು ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದಳು. ನಿಜವಾಗಿ ಗೊತ್ತಿರಲಿಲ್ಲ. ನಾನು ಗಿಣ್ಣವನ್ನು ಯಾವಾಗಲೂ ಬಟ್ಟಲಿನಲ್ಲಿ ನೋಡಿದವನು. ಅವಳು ನನ್ನ ಉತ್ತರಕ್ಕೆ ಕಾಯದೆ ಹಿತ್ತಲಿನ ಬಾಗಿಲಿನಿಂದ ಗಂಗವ್ವನ ಮನೆಗೆ ಹೋದಳು, ತನ್ನ ಪಾಲಿನ ಗಿಣ್ಣ ಕೊಡೆಂದು ತಾನೇ ಕೇಳಿದಳು. ಹಾಗೆ ಕೇಳುವುದು ನಮ್ಮಲ್ಲಿ ದೊಡ್ಡ ಸೋಲು. ನನ್ನ ಪರವಾಗಿ ಅವಳು ಸೋತಳು. ಗಂಗವ್ವ ಮಾತ್ರ, ಗಿಣ್ಣ ಯಾರಿಗೂ ಇಲ್ಲವ್ವಾ, ಮಾಸ್ತರು ಹೇಳಿದ್ದಾರೆ, ಎಲ್ಲ ಕರುವಿಗೇ ಬಿಟ್ಟಿದ್ದೇನೆ ಎಂದಳಂತೆ. ಸರೋಜಾ ಕೊಟ್ಟಿಗೆಗೆ ಇಣುಕಿದಳು. ಕರುವಿಗೆ ಕಟ್ಟುವ ಹಗ್ಗ ಗೂಟದಲ್ಲಿ ಬರಿದಾಗಿ ನೇತಾಡುತ್ತಿತ್ತು, ಕರು ತಾಯಿಯ ಹೊಟ್ಟೆಯ ಕೆಳಗೇ ಇತ್ತು. ಬೆಳಗಿನಿಂದ ಅದನ್ನು ಯಾರೂ ಕೆಚ್ಚಲಿನಿಂದ ಬಿಡಿಸಿರಲಿಲ್ಲ. ಕಟ್ಟು ಚಿಗವ್ವಾ ಎಂದು ಇವಳು ಹೇಳಿದ್ದಕ್ಕೆ ಗಂಗವ್ವ ಬೆನ್ನು ತಿರುಗಿಸಿ ಸಗಣಿ ಬಳಿಯತೊಡಗಿದಳಂತೆ. ಬಂದು ಇದನ್ನೆಲ್ಲ ಹೇಳಿದ ಸರೋಜಾ ಅಂದು ನನ್ನ ಶೇಂಗಾ ಮೊಸರನ್ನು ಮುಟ್ಟಲಿಲ್ಲ. ಹಸಿವಿಲ್ಲ ಎಂದಳು.

ಸೋಮವಾರ ಬೆಳಕು ಹರಿಯುತ್ತಲೇ ಗೋಡೆಯ ಆಚೆಯಿಂದ ಚೆಲುವಿಯ ಕೂಗು ಕೇಳಿಸಿತು. ಅದು ಮೇವಿಗೆ ಕೂಗುವ ಕೂಗಲ್ಲ. ಹೋದ ವರ್ಷ ಆ ಕೂಗನ್ನು ನಾನು ಕೇಳಿದ್ದೆ. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಕರು ನೆಲಕ್ಕೆ ಕತ್ತು ಚಾಚಿ ಮಲಗಿತ್ತು. ಹಿಂದುಗಡೆಯೆಲ್ಲ ಬಿಳಿ ಭೇದಿ, ಮೈ ತಣ್ಣಗೆ, ಕಣ್ಣು ಒಳಗೆ ಸರಿದಿದ್ದವು. ಚೆಲುವಿ ಹಗ್ಗ ಹರಿದುಕೊಳ್ಳುವ ಹಾಗೆ ಜಗ್ಗುತ್ತಿದ್ದಳು. ಬಾಗಿಲಲ್ಲಿ ಓಣಿಯ ಹೆಂಗಸರು ನಿಂತಿದ್ದರು, ನಾನು ಬಂದೊಡನೆ ದಾರಿ ಬಿಟ್ಟರು. ಗಿಣ್ಣ ತಿರುಗಿ ಕಳಿಸಿದ ಮನೆಯವನು ಎಂದು ಒಬ್ಬಳ ಕಣ್ಣು ಇನ್ನೊಬ್ಬಳಿಗೆ ಹೇಳುವುದು ಮಾತ್ರ ನನಗೆ ಚೆನ್ನಾಗಿ ಕೇಳಿಸಿತು. ಗಂಗವ್ವ ಕರುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಲೆ ಎತ್ತಲಿಲ್ಲ.

"ಬರ್ರಿ ಮಾಸ್ತರ," ಎಂದಳು. "ಅದರ ಪಾಲು ಅದು ಕುಡದೈತಿ, ನೋಡ್ರಿ."

ಒಬ್ಬ ಮನುಷ್ಯನಿಗೆ ಹೊಡೆಯಲು ಇದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ನಾನು ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಅಣ್ಣಿಗೇರಿಯಿಂದ ಗಾಡಿಯ ಮೇಲೆ ಬರುವ ತನಕ ನಾನು ಓಣಿಯ ತುದಿಗೂ ಕೊಟ್ಟಿಗೆಗೂ ಎಷ್ಟು ಸಲ ಓಡಾಡಿದೆನೋ. ಡಾಕ್ಟರು ಬಂದವರೇ ಕರುವಿನ ವಸಡು ನೋಡಿದರು, ತೊಗಲು ಎಳೆದು ಬಿಟ್ಟರು, ಎಷ್ಟು ಕುಡಿಯಿತು ಎಂದು ಕೇಳಿದರು. ಗಂಗವ್ವ ಗೂಟದ ಬರಿ ಹಗ್ಗದ ಕಡೆ ಕೈ ತೋರಿಸಿದಳು. ಅವರಿಗೆ ಅರ್ಥವಾಯಿತು. ಎಮ್ಮೆಯ ಹಾಲು ದಪ್ಪ, ಇಷ್ಟು ಎಳೆಯ ಹೊಟ್ಟೆಗೆ ಅಳತೆ ಮೀರಿದರೆ ತಡೆಯುವುದಿಲ್ಲ ಎಂದರು. ಸೂಜಿ ಚುಚ್ಚಿದರು, ಒಂದು ಪುಡಿ ಕೊಟ್ಟರು. ಇವತ್ತು ಹಾಲು ಬೇಡ, ಪುಡಿಯ ನೀರು ಮತ್ತು ಅಕ್ಕಿಯ ತೆಳು ಗಂಜಿ, ಚೂರು ಉಪ್ಪು, ಚೂರು ಬೆಲ್ಲ, ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು ಎಂದರು. ಉಳಿಯುತ್ತದೆಯೇ ಎಂದು ಕೇಳಿದೆ. ಸಂಜೆಯೊಳಗೆ ಎದ್ದು ನಿಂತರೆ ಉಳಿಯುತ್ತದೆ ಎಂದು ಹೇಳಿ, ಇನ್ನೊಂದು ಊರಿನ ಆಕಳನ್ನು ನೋಡಲು ಹೋದರು.

ನಾನು ಶಾಲೆಗೆ ರಜೆ ಹೇಳಿದೆ. ಹೆಡ್‌ಮಾಸ್ತರು ಯಾರಿಗೆ ಆರಾಮಿಲ್ಲ ಎಂದು ಕೇಳಿದರು. ಪಕ್ಕದ ಮನೆಯ ಕೂಸಿಗೆ ಎಂದೆ. ಮನೆಗೆ ಹೋಗಿ ಅಕ್ಕಿ ತೊಳೆದು ಗಂಜಿ ಕುದಿಸಿದೆ. ಸೋಸಿ, ಆರಿಸಿ, ಬಟ್ಟಲಿನಲ್ಲಿ ಹಿಡಿದು ಕೊಟ್ಟಿಗೆಗೆ ತಂದೆ. ಕರುವಿಗೆ ಬಾಯಿ ತೆರೆಯುವ ಶಕ್ತಿಯೂ ಇರಲಿಲ್ಲ. ಬೆರಳನ್ನು ಗಂಜಿಯಲ್ಲಿ ಅದ್ದಿ ಅದರ ಬಾಯಿಗೆ ಇಟ್ಟೆ. ಏನೂ ಆಗಲಿಲ್ಲ. ಮತ್ತೆ ಇಟ್ಟೆ. ಗಂಗವ್ವ ಅದರ ಮೈಯನ್ನು ಗೋಣಿಚೀಲದಿಂದ ತಿಕ್ಕುತ್ತಿದ್ದಳು. ಚೆಲುವಿ ಕೂಗಿ ಕೂಗಿ ದನಿ ಬಿದ್ದು ಈಗ ಬರೀ ಉಸಿರು ಬಿಡುತ್ತಿದ್ದಳು. ನನ್ನ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಈ ಕರು ಸತ್ತರೆ ಇದರ ತೊಗಲಿಗೂ ಹುಲ್ಲು ತುಂಬುತ್ತಾರೆ. ಯಾವುದನ್ನು ನೋಡಲಾರದೆ ನಾನು ಹೈನು ಬಿಟ್ಟೆನೋ ಅದನ್ನೇ ನನ್ನ ಕೈಯಾರೆ ಮತ್ತೆ ಇಲ್ಲಿ ತಂದು ನಿಲ್ಲಿಸಿದ ಹಾಗೆ. ಹೊರಗೆ ಬಿಸಿಲೇರಿತು, ನಲ್ಲಿಯ ನೀರು ನಿಂತಿತು, ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಒಲೆಯ ಕಡೆ ಹೋದರು. ನಾನು ಅದ್ದುತ್ತಿದ್ದೆ, ಇಡುತ್ತಿದ್ದೆ.

ಒಂದು ಸಲ ಬೆರಳಿಗೆ ಏನೋ ಹಿಡಿದ ಹಾಗಾಯಿತು. ಮೊದಲು ನನಗೆ ಭ್ರಮೆ ಎನ್ನಿಸಿತು. ಮತ್ತೆ ಹಿಡಿಯಿತು, ಒರಟು ನಾಲಗೆ, ಸಣ್ಣಗೆ ಚೀಪಿತು. ನಾನು ಗಂಗವ್ವನ ಕಡೆ ನೋಡಿದೆ, ಅವಳೂ ನೋಡುತ್ತಿದ್ದಳು. ನನ್ನ ಕಣ್ಣಿನಿಂದ ನೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಎರಡೂ ಕೈ ಖಾಲಿ ಇರಲಿಲ್ಲ. ತಪ್ಪಾಯಿತು ಚಿಗವ್ವಾ ಎಂದೆ. ಅವಳು ಎದ್ದು ಬಂದು ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಸಗಣಿಯ ಸೆರಗು, ಬಹಳ ಸ್ವಚ್ಛವೇನೂ ಇರಲಿಲ್ಲ.

"ಲೇ ತಮ್ಮಾ," ಎಂದಳು, "ನಿನಗ ತಿಳೀಲಿಲ್ಲ. ನನಗ ತಿಳಿದಿತ್ತು. ಸಿಟ್ಟಿಗೆದ್ದು ಬಿಟ್ಟೆ. ಕಟ್ಟಬೇಕು ಕಟ್ಟಬೇಕು ಅಂತ ಕೈ ಹೋಗೂದು, ಮಾಸ್ತರ ಹೇಳ್ಯಾನ, ಕುಡೀಲಿ ಅಂತ ತಿರುಗಿ ಬರೂದು. ನಿನ್ನ ಮ್ಯಾಗಿನ ಸಿಟ್ಟು ಇದರ ಹೊಟ್ಟೀಗೆ ಹಾಕಿದೆ."

ಬಟ್ಟಲಿನ ತಳದಲ್ಲಿದ್ದ ಗಂಜಿಯನ್ನು ಅವಳು ಸೌಟಿನಿಂದ ಕೆರೆದು ಕೊಟ್ಟಳು, ನಾನು ಬೆರಳಿಗೆ ಹಚ್ಚಿ ಕುಡಿಸಿದೆ. ಸಂಜೆ ಸರೋಜಾ ಬಸ್ಸಿಳಿದು ನೇರವಾಗಿ ಕೊಟ್ಟಿಗೆಗೇ ಬಂದಳು. ಅವಳು ಬಾಗಿಲಲ್ಲಿ ನಿಂತದ್ದೇ ತಡ, ಕರು ಮುಂಗಾಲು ಮಡಚಿ, ಹಿಂಗಾಲು ಎತ್ತಿ, ಒಂದು ಕಡೆ ವಾಲಿ, ಬೀಳುತ್ತದೆ ಎಂದು ನಾವು ಕೈ ಚಾಚುವಷ್ಟರಲ್ಲಿ ನಿಂತುಬಿಟ್ಟಿತು. ಗಂಗವ್ವ ಚೆಲುವಿಯ ಕೊರಳನ್ನು ತಬ್ಬಿಕೊಂಡಳು. ನಾನು ಸರೋಜಾಳ ಭುಜ ಹಿಡಿದುಕೊಂಡೆ.

ಡಾಕ್ಟರ ಮಾತಿನಂತೆ ಮರುದಿನವೂ ಗಂಜಿಯೇ. ಈಗ ಬೆರಳು ಬೇಕಾಗಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಸಾಕು, ಬಟ್ಟಲಿನಲ್ಲಿ ಮೂತಿ ಹಾಕಿ, ಸೊರಸೊರ ಕುಡಿದು, ತಳ ನೆಕ್ಕಿ, ನನ್ನ ಮೊಣಕೈಯನ್ನೂ ನೆಕ್ಕುತ್ತಿತ್ತು. ನನಗೆ ಹಳೆಯ ಹುರುಪು ಮೆಲ್ಲಗೆ ತಿರುಗಿ ಬರತೊಡಗಿತು. ಮನೆಗೆ ಹೋಗಿ ಸರೋಜಾಳಿಗೆ ಹೇಳಿದೆ, ನೋಡು, ಇಡೀ ಶಲವಡಿಯಲ್ಲಿ ನನ್ನ ಅಡುಗೆಗೆ ಹೆಸರಿಡದೆ, ಮುಖ ಕಿವುಚದೆ, ತಳದ ತನಕ ಉಂಡ ಮೊದಲ ಜೀವ ಇದು. ನನ್ನ ದಾರಿಗೆ ಬಂದ ಮೊದಲ ಶಿಷ್ಯೆ. ಹಾಲು ಮುಟ್ಟದೆ ಹೇಗೆ ಕುಣಿಯುತ್ತಿದೆ ನೋಡು ಎಂದೆ. ಸರೋಜಾ ನಕ್ಕಳು, ಅಷ್ಟೇ. ಆ ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲಾದ್ದರಿಂದ ನಾನು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಬುಧವಾರ ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ, ಇನ್ನು ತಾಯಿಯ ಹತ್ತಿರ ಬಿಡಬಹುದು, ಸ್ವಲ್ಪ ಕುಡಿಸಿ ಬಿಡಿಸಿ ಎಂದರು. ಗಂಗವ್ವ ಅದರ ಹಗ್ಗ ಬಿಚ್ಚಿದಳು. ನಾನು ಅಂದಿನ ಗಂಜಿಯನ್ನು ಮಾಡಿಕೊಂಡೇ ಬಂದಿದ್ದೆ, ದಾರಿಯಲ್ಲೇ ಇಟ್ಟೆ. ಶಿಷ್ಯೆ ಬಂದಳು, ಬಟ್ಟಲನ್ನು ಮೂಸಿದಳು, ಮರ್ಯಾದೆಗೆಂದು ನನ್ನ ಬೆರಳನ್ನು ಒಂದು ಸಲ ಚೀಪಿದಳು. ಅಷ್ಟರಲ್ಲಿ ಚೆಲುವಿ ಗಂಟಲಿನೊಳಗೇ ಒಂದು ಸಣ್ಣ ದನಿ ಮಾಡಿದಳು. ಮುಗಿಯಿತು. ಬಟ್ಟಲು ಒಂದು ಕಡೆ, ಗಂಜಿ ಒಂದು ಕಡೆ, ಕರು ತಾಯಿಯ ಹೊಟ್ಟೆಯ ಕೆಳಗೆ. ಕೆಚ್ಚಲಿಗೆ ತಲೆಯಿಂದ ಗುದ್ದಿ ಗುದ್ದಿ ಕುಡಿಯತೊಡಗಿತು, ಕಟಬಾಯಿಯಲ್ಲಿ ಬಿಳಿ ನೊರೆ. ಚೆಲುವಿ ತಿರುಗಿ ಅದರ ಬಾಲವನ್ನು ನೆಕ್ಕುತ್ತಿದ್ದಳು. ನಿಜವಾದ ಕರು, ಬೆಚ್ಚಗಿನ ಕರು. ನನಗೆ ಎಷ್ಟು ಸಂತೋಷವಾಯಿತೆಂದರೆ, "ಕುಡಿ, ಕುಡಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟೆ. ಹೊರಗೆ ನಲ್ಲಿಯ ಹತ್ತಿರ ಯಾರೋ, ಮಾಸ್ತರು ಹಾಲು ಕುಡಿ ಅನ್ನುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ಹೇಳಿ ನಕ್ಕರು.

ಸ್ವಲ್ಪ ಹೊತ್ತಿಗೆ ಗಂಗವ್ವ, ಸಾಕು, ಬಿಡಿಸು ಎಂದಳು. ನಾನು ಕರುವಿನ ಕೊರಳಿಗೆ ಕೈ ಹಾಕಿದೆ. ಅದು ಬಿಡಲೊಲ್ಲದು, ಕಣ್ಣು ಮುಚ್ಚಿ ಇನ್ನೂ ಜೋರಾಗಿ ಎಳೆಯಿತು. ಇನ್ನೊಂದೀಟ ಕುಡೀಲಿ ಬಿಡು ಚಿಗವ್ವಾ ಎನ್ನುವ ಮಾತು ನಾಲಗೆಯ ತುದಿಗೇ ಬಂದುಬಿಟ್ಟಿತ್ತು. ಗಂಜಿ ಹತ್ತಿದ ಕೈಯನ್ನೇ ಗಬಕ್ಕನೆ ಬಾಯಿಗೆ ಅಡ್ಡ ಹಿಡಿದುಕೊಂಡೆ. ಇಷ್ಟು ದಿನ ಕುಡಿಸಿದ ಗಂಜಿಯನ್ನು ನಾನು ಒಂದು ಸಲವೂ ರುಚಿ ನೋಡಿರಲಿಲ್ಲ. ಉಪ್ಪು ಜಾಸ್ತಿಯಾಗಿತ್ತು.